ಐದು ಬಾಯಿಯ ಪೆಟ್ಟಿಗೆ, ಅರ್ಧ ತಾಸಿನ ಸರತಿ

ಕಂಪ್ಯೂಟರಿಗೆ ಎರಡನೆಯ ವೀಡಿಯೊ ಕಾರ್ಡ್ ಹಾಕಿದ ಕೂಡಲೇ ಮೊದಲನೆಯದು ಪರದೆಯಿಂದ ಕಾಣೆಯಾಯಿತು. ಅದನ್ನು ಕಿತ್ತು, ಒರೆಸಿ ಮತ್ತೆ ಕೂರಿಸಿದರೆ ಎರಡನೆಯದು ಮಾಯ. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ, ಒಬ್ಬ ಬಂದರೆ ಇನ್ನೊಬ್ಬ ಎದ್ದು ಹೋಗುತ್ತಿದ್ದ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಮೊಬೈಲ್ ಟಾರ್ಚು ಹಲ್ಲಿನಲ್ಲಿ ಕಚ್ಚಿಕೊಂಡು ಒಳಗೆ ಇಣುಕುತ್ತಿದ್ದ ನಾನು ಎರಡಕ್ಕೂ ಸೇರಿಸಿ ಬೈದೆ. ಬೈಯಲು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಂಧ್ರದ ಗಡಿಯ ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಯ ಮೇಲೆ, ನನ್ನದೊಂದು ಬಾಡಿಗೆ ಕೋಣೆ. ಮದುವೆ, ಗೃಹಪ್ರವೇಶ, ಸಭೆ ಎಂದು ಯಾರು ಕರೆದರೂ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಹೋಗಿ, ಕ್ಯಾಮೆರಾಗಳ ಚಿತ್ರವನ್ನು ಒಟ್ಟುಗೂಡಿಸಿ ನೇರ ಪ್ರಸಾರ ಮಾಡುತ್ತೇನೆ. ಸುತ್ತಲಿನ ಊರವರ ಮದುವೆಗಳನ್ನೆಲ್ಲ ತೋರಿಸಿದವನಿಗೆ ತನ್ನದೊಂದು ಮಾಡಿಕೊಳ್ಳಲು ಪುರುಸೊತ್ತಾಗಲಿಲ್ಲ ಎಂದು ಕೆಳಗಿನ ಟೈಲರ್ ಚೇಷ್ಟೆ ಮಾಡುತ್ತಾನೆ. ನಾನೂ ನಗುತ್ತೇನೆ. ಅವ್ವ ಹೋದ ಮೇಲೆ ಆ ಚೇಷ್ಟೆಯೂ ಇಲ್ಲದಿದ್ದರೆ ದಿನವಿಡೀ ನನ್ನ ಜೊತೆ ಮಾತಾಡುವವರು ಇಲ್ಲ ಎನ್ನುವುದು ಅವನಿಗೂ ಗೊತ್ತಿರಬೇಕು.

ಎರಡು ಕಾರ್ಡುಗಳ ಈ ತಂಟೆಯನ್ನು ತಂದಿಟ್ಟವರು ಒಬ್ಬ ಹಿರಿಯರು. ಕೋಸಗಿ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದು ಹೋಗಬೇಕಾದ ಒಂದು ಊರಿನವರು. ಅಲ್ಲಿಯ ಈಶ್ವರ ಗುಡಿಯ ಭಜನೆಗೆಲ್ಲ ಅವರದೇ ಯಜಮಾನಿಕೆ. ಹತ್ತಿ ಮಾರಲು ಬಂದವರು ಯಾರನ್ನೋ ಕೇಳಿಕೊಂಡು ನನ್ನ ಮೆಟ್ಟಿಲು ಹತ್ತಿದ್ದರು.

"ನೀನ ಏನಪ್ಪಾ, ಲೈವ್ ಬಿಡಾಂವ?"

"ಹೌದ್ರಿ ತಾತ."

"ಮಾಘದಾಗ ನಮ್ಮೂರಾಗ ಶಿವನಾಮ ಐತಿ. ಊರಾಗ ಜನ ಇಲ್ಲ. ಜನಾನ ತಂದು ಗುಡ್ಯಾಗ ಕುಂದರಸಬೇಕು. ಆಗ್ತೈತೇನು?"

"ಜನಾನ ನಾ ಹೆಂಗ ತರಲಿ ತಾತ?"

"ನಿನ್ನ ಪೆಟ್ಟಿಗ್ಯಾಗ ತಾರಪ್ಪಾ," ಎಂದು ಅವರು ನನ್ನ ಕಂಪ್ಯೂಟರಿನ ನೆತ್ತಿ ತಟ್ಟಿದರು.

ಅವರ ಊರಿನ ಪದ್ಧತಿ ಹೀಗೆ. ಮಾಘ ಮಾಸದಲ್ಲಿ ಒಂದು ದಿನ ಹೊತ್ತು ಹುಟ್ಟುವುದರಿಂದ ಮರುದಿನ ಹೊತ್ತು ಹುಟ್ಟುವವರೆಗೆ ಶಿವನಾಮ ಎಡೆಬಿಡದೆ ನಡೆಯಬೇಕು. ಊರಿನ ಪ್ರತಿ ಮನೆಗೂ ಅರ್ಧ ತಾಸಿನ ಸರತಿ. ಮನೆಯವರಲ್ಲಿ ಒಬ್ಬರು "ಓಂ ನಮಃ ಶಿವಾಯ" ಎಂದು ನಾಮ ಎತ್ತಬೇಕು, ಇನ್ನೊಬ್ಬರು "ಶಿವಾಯ ನಮಃ ಓಂ" ಎಂದು ಹಿಡಿಯಬೇಕು. ಮುಂದಿನ ಮನೆಯವರು ನಾಮ ಎತ್ತಿದ್ದು ಕಿವಿಗೆ ಬಿದ್ದ ಮೇಲೆಯೇ ಹಿಂದಿನವರು ತಾಳ ಕೆಳಗಿಡಬೇಕು. ನಡುವೆ ನಾಮ ನಿಂತರೆ, ಗುಡಿಯಲ್ಲಿ ಕೂತವರು ತಾಳ ಎತ್ತಿಕೊಂಡು ಮುಂದುವರಿಸುತ್ತಾರೆ. ಆದರೆ ಆಗ ಆ ಸರತಿ ಅವರದಾಗುತ್ತದೆ, ನಿಲ್ಲಿಸಿದ ಮನೆಯದಲ್ಲ. ಒಂದರ ಹಿಂದೆ ಒಂದು ಎರಡು ವರ್ಷ ತಪ್ಪಿದ ಮನೆಗೆ ಮುಂದೆ ಸರತಿ ಇಲ್ಲ, ಅದು ಪಕ್ಕದ ಮನೆಗೆ ಸೇರುತ್ತದೆ.

ಸುಗ್ಗಿ ಮುಗಿದ ಮೇಲೆ ಕೋಸಗಿ ಕಡೆಯ ಊರುಗಳಲ್ಲಿ ಮನೆಗಳಿಗಿಂತ ಬೀಗಗಳೇ ಹೆಚ್ಚು ಕಾಣುತ್ತವೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಒಂದಷ್ಟು ಜನ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಒಂದಷ್ಟು, ಹೈದರಾಬಾದಿಗೆ ಒಂದಷ್ಟು. ಮೊದಲೆಲ್ಲ ಮನೆಗೆ ಇಬ್ಬರಂತೆ ರೈಲು ಹತ್ತಿ ಬಂದು, ಸರತಿ ಮುಗಿಸಿ ಹೋಗುತ್ತಿದ್ದರಂತೆ. ಈಗ ಮೇಸ್ತ್ರಿಗಳು ಬಿಡುತ್ತಿಲ್ಲ. ಹಾಗಾಗಿ ಹಿರಿಯರು ಊರವರನ್ನು ಕೂರಿಸಿ ಒಪ್ಪಿಸಿದ್ದರು: ದೂರ ಇರುವವರು ಇದ್ದಲ್ಲಿಂದಲೇ ಸರತಿ ಮಾಡಬಹುದು, ಆದರೆ ಅವರ ದನಿ ಗುಡಿಯೊಳಗೆ ಎಡೆಬಿಡದೆ ಕೇಳಬೇಕು.

ಮೂರು ಕಡೆಯವರನ್ನೂ ಒಂದೇ ವೀಡಿಯೊ ಕಾಲಿನಲ್ಲಿ ಸೇರಿಸಿದರಾಯಿತು ಎಂದುಕೊಂಡು ಒಪ್ಪಿಕೊಂಡೆ. ಮೊದಲ ಪರೀಕ್ಷೆಯಲ್ಲೇ ಮುಖಭಂಗ. ಫೋನುಗಳಿಗೆ ಮಾತು ಬೇಕು, ಗದ್ದಲ ಬೇಡ. ತಾಳವನ್ನು ಅವು ಗದ್ದಲವೆಂದು ತೀರ್ಮಾನಿಸಿ ಅಳಿಸಿಹಾಕಿದವು. ಬೆಂಗಳೂರಿನವರು ಬಡಿಯುತ್ತಿರುವುದು ಕಾಣುತ್ತಿತ್ತು, ಸದ್ದಿಲ್ಲ. ಇಬ್ಬರು ಒಟ್ಟಿಗೆ ದನಿ ತೆಗೆದರೆ ಫೋನು ಒಬ್ಬರ ದನಿಯನ್ನು ನುಂಗುತ್ತಿತ್ತು. ಒಬ್ಬೊಬ್ಬರಿಗೂ ಫೋನಿನ ಸೆಟ್ಟಿಂಗಿನಲ್ಲಿ ಎಲ್ಲಿ ಒತ್ತಬೇಕು, ಏನನ್ನು ಆರಿಸಬೇಕು ಎಂದು ಹೇಳಿಕೊಡುವಷ್ಟರಲ್ಲಿ ನನ್ನ ಗಂಟಲು ಆರಿತು. ಕೊನೆಗೆ ಒಂದು ಊರಿಗೆ ಒಂದು ಫೋನು ಎಂದು ತೀರ್ಮಾನಿಸಿದೆ. ನನ್ನ ಮೇಜಿನ ಮೇಲೆ ಮೂರು ಫೋನು, ಮೂರಕ್ಕೂ ಬೇರೆ ಬೇರೆ ವೀಡಿಯೊ ಕಾಲು. ಒಂದೊಂದರ ಚಿತ್ರವೂ ದನಿಯೂ ಒಂದು ಚಿಕ್ಕ ಕನ್ವರ್ಟರ್ ಮೂಲಕ ಹೊರಬಂದು ಕಂಪ್ಯೂಟರಿಗೆ ಹೋಗಬೇಕು. ಗುಡಿಯಲ್ಲಿ ಎರಡು ಕ್ಯಾಮೆರಾ. ಒಟ್ಟು ಐದು.

ಹೊರಗಿನ ಚಿತ್ರವನ್ನು ಕಂಪ್ಯೂಟರಿನೊಳಕ್ಕೆ ಎಳೆದುಕೊಳ್ಳುವ ಹಲಗೆಯೇ ಕ್ಯಾಪ್ಚರ್ ಕಾರ್ಡು. ನನ್ನ ಬಳಿ ಇದ್ದದ್ದು ನಾಲ್ಕು ಬಾಯಿಯದು. ಐದನೆಯದಕ್ಕೆ ಒಂದೇ ಬಾಯಿಯ ಇನ್ನೊಂದು ಕಾರ್ಡನ್ನು ಕರ್ನೂಲಿನ ಗೆಳೆಯನಿಂದ ತಂದೆ. ಅಲ್ಲಿಂದ ಶುರುವಾಯಿತು ಅಣ್ಣತಮ್ಮಂದಿರ ಜಗಳ.

ಜಾಗ ಬದಲಿಸಿದೆ. ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ಎರಡೂ ಬೇರೆ ಬೇರೆ ಕಂಪನಿಯವು, ಹೊಂದಿಕೆಯಿಲ್ಲ ಎಂದುಕೊಂಡು ಕೈಚೆಲ್ಲಿ ಕೂತೆ. ಹೀಗೆ ಎರಡು ದಿನ ಹೋದ ಮೇಲೆ, ಬೇಸರಕ್ಕೆ ಒಳಗಿನದೆಲ್ಲವನ್ನೂ ಒಂದೊಂದಾಗಿ ಬಿಚ್ಚಿ ಹೊರಗಿಡತೊಡಗಿದೆ. ರೆಕಾರ್ಡಿಂಗ್ ಡಿಸ್ಕನ್ನು ತೆಗೆದೆ ನೋಡಿ, ಎರಡು ಕಾರ್ಡೂ ಒಟ್ಟಿಗೆ ಎದ್ದು ಕೂತವು. ಬೋರ್ಡಿನ ಮೇಲೆ ಬಾಗಿಲು ಬೇರೆ ಬೇರೆ ಕಂಡರೂ ಒಳಗೆ ಕೆಲವಕ್ಕೆ ದಾರಿ ಒಂದೇ. ಆ ಡಿಸ್ಕು ಕೂತ ಜಾಗವೂ ಕಾರ್ಡು ಕೂತ ಜಾಗವೂ ಒಂದೇ ದಾರಿಯನ್ನು ಹಂಚಿಕೊಂಡಿದ್ದವು. ಡಿಸ್ಕು ಬೇಕೆಂದರೆ ಒಂದು ಕಾರ್ಡು ಬಿಡಬೇಕು. ಎರಡೂ ಕಾರ್ಡು ಬೇಕೆಂದರೆ ರೆಕಾರ್ಡಿಂಗ್ ಬಿಡಬೇಕು.

ಹಿರಿಯರಿಗೆ ಫೋನ್ ಮಾಡಿದೆ. "ತಾತ, ರೆಕಾರ್ಡಿಂಗ್ ಇರಂಗಿಲ್ರಿ. ಲೈವ್ ಅಷ್ಟ."

"ಶಿವ ಆವಾಗ್ಲೇ ಕೇಳಿಸ್ಕೊಂತಾನ. ಆಮ್ಯಾಲ ಕುಂತು ನೋಡಾಕ ಅವನಿಗ್ಯಾಕ ಬೇಕು?" ಎಂದರು.

ಆಮೇಲೆ ಸಣ್ಣಪುಟ್ಟವು. ಫೋನುಗಳು ಕೊಡುವ ಚಿತ್ರದ ವೇಗ ಒಂದು, ಕ್ಯಾಮೆರಾದ್ದು ಇನ್ನೊಂದು. ಎಲ್ಲವನ್ನೂ ಸೆಕೆಂಡಿಗೆ ಇಪ್ಪತ್ತೈದು ಚಿತ್ರಕ್ಕೆ ಇಳಿಸಿದೆ, ಫೋನುಗಳ ಚಿತ್ರವನ್ನು ಚಿಕ್ಕದು ಮಾಡಿದೆ. ದೂರದಿಂದ ಬರುವ ದನಿ ಒಂದು ಉಸಿರಿನಷ್ಟು ತಡವಾಗಿ ಬರುತ್ತಿತ್ತು. ಅದನ್ನು ಸರಿಮಾಡಲು ಯಾರಿಂದಲೂ ಆಗದು. ಗುಡಿಯಲ್ಲೊಂದು ಹಸಿರು ಬಲ್ಬು ಕಟ್ಟಿಸಿ ಸ್ವಿಚ್ಚನ್ನು ನನ್ನ ಬಳಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ಮುಂದಿನ ಮನೆಯ ದನಿ ಸ್ಪೀಕರಿನಲ್ಲಿ ಬಂತು ಎಂದಾಗ ನಾನು ಬಲ್ಬು ಹೊತ್ತಿಸಬೇಕು, ಗುಡಿಯಲ್ಲಿರುವವರು ತಾಳ ಇಡಬೇಕು.

ಗುಂಟೂರು ಕಡೆಯ ಪರೀಕ್ಷೆಗೆ ಫೋನ್ ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ನೆಲದ ಮೇಲೆ ಹರಡಿದ ಕೆಂಪು ಮೆಣಸಿನಕಾಯಿ. ಆಕೆ ಕೆಮ್ಮುತ್ತಿದ್ದಳು, ಹಿಂದಿದ್ದವರೂ ಕೆಮ್ಮುತ್ತಿದ್ದರು.

"ಅನ್ನಾ, ವಿನಿಪಿಸ್ತಾ ಉಂದಾ? ಕೇಳಸ್ತೈತೇನ್ರಿ?"

"ಕೇಳಸ್ತೈತಮ್ಮಾ. ಕನ್ನಡದಾಗ ಮಾತಾಡು, ನಾನೂ ಈ ಕಡ್ಯಾವನ."

ನಕ್ಕಳು. "ಇಲ್ಲಿ ಬಾಯಿಗೆ ಅದೇ ಬರ್ತೈತಣ್ಣಾ. ನಮ್ಮ ಸರತಿ ಮಧ್ಯಾಹ್ನದಾಗ ಐತಂತ. ಕಾಲು ಕಟ್ ಆಗಂಗಿಲ್ಲಲ್ಲಾ?"

"ಸಿಗ್ನಲ್ ಇರೋ ಕಡೆ ನಿಂದ್ರು. ಉಳಿದಿದ್ದು ನಾ ನೋಡ್ಕೊಂತೀನಿ."

"ನೋಡ್ಕೋಬೇಕಣ್ಣಾ," ಎಂದಳು, ಈಗ ನಗು ಇರಲಿಲ್ಲ. "ಹೋದ ವರ್ಷ ನಮ್ಮನಿಯವ್ರು ಹೋದ್ರು. ಸೂತಕದಾಗ ಸರತಿ ತಪ್ಪಿತು. ಈ ವರ್ಷಾನೂ ತಪ್ಪಿದ್ರ ಮುಗೀತು. ಗಂಡಸಿಲ್ಲದ ಮನಿ, ಎಲ್ಲೈತಿ ಬಿಡು ಅಂತ ಈಗ್ಲೇ ಅಂತಾರ. ಗ್ವಾಡಿ ಐತಿ, ಕೀಲಿ ಐತಿ. ಆದ್ರ ಊರಾಗ ಮನಿ ಅಂತ ಲೆಕ್ಕಕ್ಕಿರಂಗಿಲ್ಲ."

"ನಾಮ ಹಿಡಿಯಾಕ ಯಾರದಾರ?"

"ನಮ್ಮ ಮೈದುನ ಅದಾನ. ಈ ಫೋನೂ ಅವಂದ."

ಫೋನ್ ಇಟ್ಟ ಮೇಲೆ ಆ ಹೆಂಗಸಿನ ಸಾಲಿನ ಕನ್ವರ್ಟರನ್ನು ಬದಲಿಸಿ, ಇದ್ದುದರಲ್ಲಿ ಗಟ್ಟಿಯಾದದ್ದನ್ನು ಹಾಕಿದೆ. ನಂಬಿಕೆಯಿದ್ದ ನನ್ನ ಹಳೆಯ ಕಾರ್ಡಿನ ಮೊದಲ ಬಾಯಿಗೇ ಅದನ್ನು ಕೊಟ್ಟೆ. ಗೆಳೆಯನ ಒಂಟಿ ಕಾರ್ಡಿಗೆ ಬೆಂಗಳೂರಿನವರನ್ನು ತಳ್ಳಿದೆ.

ಭಜನೆಯ ಹಿಂದಿನ ದಿನವೇ ಊರಿಗೆ ಹೋದೆ. ಗುಡಿಯ ಪಕ್ಕದ ಶಾಲೆಯ ಒಂದು ಕೋಣೆ ನನಗೆ. ಮೇಲೆ ಸಿಮೆಂಟ್ ಶೀಟು. ಕಂಪ್ಯೂಟರಿನ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು, ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಒಣಗಿತ್ತು. ಉಪ್ಪು ಸುರಿದು ಎರಡು ಕೊಡ ನೀರು ಹಾಕಿದ ಮೇಲೆ ಸದ್ದು ಅಡಗಿತು. ಗುಡಿಯ ದನಿಯನ್ನು ದೂರದವರಿಗೆ ಕೇಳಿಸಲು ಪ್ರತಿ ಫೋನಿನ ಪಕ್ಕ ಒಂದು ಚಿಕ್ಕ ಸ್ಪೀಕರ್ ಇಟ್ಟೆ, ಅವರವರ ದನಿ ಅವರವರಿಗೇ ಮರಳಿ ಹೋಗದ ಹಾಗೆ ಮಿಕ್ಸರಿನಲ್ಲಿ ಹೊಂದಿಸಿದೆ. ಕ್ಯಾಮೆರಾದವರಿಗೆ ಸೂಚನೆ ಕೊಡಲು ನನ್ನ ಮುಂದೊಂದು ಮೈಕು. ಅದರ ಒಂದು ಗುಂಡಿ ಏರಿಸಿದರೆ ನನ್ನ ದನಿ ಗುಡಿಯ ಸ್ಪೀಕರಿನಲ್ಲೇ ಮೊಳಗುತ್ತದೆ, ಹಾಗಾಗಿ ಆ ಗುಂಡಿಯ ಮೇಲೆ ಟೇಪು ಅಂಟಿಸಿದೆ. ನಾನು ಕಾಣಬಾರದು, ನನ್ನ ದನಿ ಕೇಳಿಸಬಾರದು. ನನ್ನ ಕೆಲಸದಲ್ಲಿ ಮಾನ ಉಳಿಯುವುದೇ ಹಾಗೆ.

ಹೊತ್ತು ಹುಟ್ಟಿತು, ನಾಮ ಶುರುವಾಯಿತು. ಹೈದರಾಬಾದಿನ ಮೊದಲ ಮನೆಯವರು ನಾಮ ಎತ್ತಿದಾಗ ಗುಡಿಯಲ್ಲಿ ಕೂತಿದ್ದವರೆಲ್ಲ ಅಲ್ಲಿ ಕಟ್ಟಿದ್ದ ದೊಡ್ಡ ಪರದೆಯ ಕಡೆ ಕೈಮುಗಿದರು. ಪರದೆಯ ಮೇಲೆ ತಮ್ಮ ಓಣಿಯವರನ್ನು ಕಂಡು ಒಬ್ಬಾಕೆ ಎದ್ದು ನಿಂತು ಹೆಸರು ಹಿಡಿದು ಕೂಗಿದಳು. ನನ್ನ ಮುಂದೆ ಐದು ಚೌಕ, ಐದರಲ್ಲೂ ಜನ. ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು, ಅಳುತ್ತಿದ್ದರು, ನಗುತ್ತಿದ್ದರು. ಕ್ಯಾಮೆರಾದವರಿಗೆ ಚಹಾ ಬಂದದ್ದು ಎರಡನೆಯ ಚೌಕದಲ್ಲಿ ಕಂಡಿತು. ಶಾಲೆಯ ಕೋಣೆಯಲ್ಲೊಬ್ಬ ಇದ್ದಾನೆ ಎನ್ನುವುದು ಯಾರ ನೆನಪಿಗೂ ಬರಲಿಲ್ಲ. ಇದು ನನಗೆ ಹೊಸದಲ್ಲ, ಆದರೂ ಆ ದಿನ ಬೇಜಾರಾಯಿತು. ನಾನೇ ಎಲ್ಲರನ್ನೂ ಒಂದೆಡೆ ಸೇರಿಸಿದ್ದೆ, ಸೇರಿದವರಲ್ಲಿ ನನ್ನವರೆನ್ನುವವರು ಒಬ್ಬರೂ ಇರಲಿಲ್ಲ.

ಬಿಸಿಲೇರಿತು. ಶೀಟಿನ ಕೆಳಗೆ ಕೋಣೆ ಒಲೆಯಾಯಿತು. ಎರಡು ಕಾರ್ಡುಗಳೂ ಪಕ್ಕಪಕ್ಕ ಕೂತಿವೆ, ಒಂದಕ್ಕೂ ಸ್ವಂತ ಫ್ಯಾನಿಲ್ಲ. ಕಂಪ್ಯೂಟರಿನ ಪಕ್ಕದ ತಗಡು ತೆಗೆದು ಮಡಿಲ ಮೇಲಿಟ್ಟುಕೊಂಡು, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿದೆ. ನನ್ನ ಅಂಗಿ ಬೆನ್ನಿಗಂಟಿತ್ತು. ಗುಂಟೂರಿನ ಚೌಕದಲ್ಲಿ ಆ ಹೆಂಗಸು ಬಂದು ನಿಂತಳು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಮೈದುನ ಎಲ್ಲಮ್ಮಾ?" ಎಂದೆ, ಅವಳ ಫೋನಿಗೆ ಮಾತ್ರ ಕೇಳುವ ಹಾಗೆ.

"ಮೇಸ್ತ್ರಿ ಲಾರಿ ಲೋಡಿಗೆ ಕರ್ಕೊಂಡು ಹೋದನಣ್ಣಾ. ಫೋನ್ ಕೊಟ್ಟು ಹೋದ. ಬರ್ತೀನಿ ಅಂದಾನ."

"ಅಲ್ಲಿ ಬೇರೆ ಯಾರಾದ್ರೂ?"

"ನಮ್ಮೂರವ್ರೆಲ್ಲ ಬ್ಯಾರೆ ಹೊಲದಾಗ ಅದಾರ, ಇಲ್ಲಿ ಎಲ್ಲಾ ಬ್ಯಾರೆ ಊರವ್ರು. ಕಾಯಿ ಬಿಟ್ಟು ಯಾರೂ ಏಳಂಗಿಲ್ಲ. ನಾನ ಎತ್ತಿ ನಾನ ಹಿಡೀತೀನಿ."

ಒಬ್ಬರೇ ಎತ್ತಿ ಹಿಡಿಯುವುದು ಪದ್ಧತಿಯಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಹೇಳುವಷ್ಟು ಹೊತ್ತಿರಲಿಲ್ಲ. ಗುಡಿಯಲ್ಲಿ ಹಿಂದಿನ ಮನೆಯ ಸರತಿ ಮುಗಿಯುತ್ತಿತ್ತು. ಎತ್ತು ಎಂದು ಕೈ ತೋರಿಸಿದೆ. "ಓಂ ನಮಃ ಶಿವಾಯ," ಎಂದು ಅವಳು ಎತ್ತಿದಳು, ಗುಡಿಯ ಸ್ಪೀಕರಿನಲ್ಲಿ ಕೇಳಿತು, ಬಲ್ಬು ಹೊತ್ತಿಸಿದೆ. ತಾಳಗಳು ಕೆಳಗಿಳಿದವು. ಎತ್ತಿದವಳೇ ಉಸಿರು ಎಳೆದುಕೊಂಡು "ಶಿವಾಯ ನಮಃ ಓಂ" ಎಂದು ಹಿಡಿದಳು. ಮತ್ತೆ ಎತ್ತಿದಳು, ಮತ್ತೆ ಹಿಡಿದಳು. ಮೆಣಸಿನ ಘಾಟಿಗೆ ಕೆಮ್ಮು ಬಂತು, ನುಂಗಿಕೊಂಡು ಮತ್ತೆ ಎತ್ತಿದಳು. ಗುಡಿಯ ಚೌಕದಲ್ಲಿ ಒಬ್ಬ ದಪ್ಪ ಮೀಸೆಯವನು ಪಕ್ಕದವನ ಕಿವಿಯಲ್ಲಿ ಏನೋ ಹೇಳುವುದು ಕಾಣಿಸಿತು. ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು.

ಅಷ್ಟರಲ್ಲಿ ನಾಲ್ಕು ಚೌಕಗಳು ಒಟ್ಟಿಗೆ ಕಪ್ಪಾದವು.

ನಾಲ್ಕು ಬಾಯಿಯ ಕಾರ್ಡು ಕಾದು ಕೈಕೊಟ್ಟಿತ್ತು. ಗುಡಿಯ ಎರಡು ಕ್ಯಾಮೆರಾ, ಹೈದರಾಬಾದು, ಗುಂಟೂರು, ಎಲ್ಲ ಹೋದವು. ಫೋನಿನ ದನಿಯೂ ಕಾರ್ಡಿನ ಮೂಲಕವೇ ಬರುತ್ತಿದ್ದರಿಂದ ಅದೂ ಹೋಯಿತು. ಉಳಿದದ್ದು ಗೆಳೆಯನ ಒಂಟಿ ಕಾರ್ಡು ಮಾತ್ರ. ಅದರಲ್ಲಿ ಬೆಂಗಳೂರಿನ ಶೆಡ್ಡಿನ ಮುಂದೆ, ಸರತಿಗೆ ಇನ್ನೂ ಹೊತ್ತಿದ್ದವರು ಆರಾಮಾಗಿ ತಲೆ ಬಾಚಿಕೊಳ್ಳುತ್ತಿದ್ದರು.

ಗೋಡೆಯಾಚೆ ಗುಡಿಯಲ್ಲಿ ಸದ್ದಿರಲಿಲ್ಲ. ಅವಳು ಕೊನೆಗೆ ಎತ್ತಿದ ನಾಮವನ್ನು ಯಾರೂ ಹಿಡಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಕಂಪ್ಯೂಟರಿನ ಗುಂಡಿಗೆ ಹೋಗುತ್ತದೆ. ಆರಿಸಿ ಹೊತ್ತಿಸಿದರೆ ಎಲ್ಲವೂ ಸರಿಯಾಗಿ ಎದ್ದು ಬರುತ್ತದೆ, ಚಿತ್ರವೂ ಬರುತ್ತದೆ. ಇಷ್ಟು ವರ್ಷ ಹಾಗೆಯೇ ಮಾಡಿದ್ದೇನೆ. ಆದರೆ ಅದು ಎದ್ದು ಬರುವಷ್ಟರಲ್ಲಿ ಗುಡಿಯಲ್ಲಿ ಯಾರಾದರೂ ತಾಳ ಎತ್ತಿರುತ್ತಾರೆ. ಈಗಾಗಲೇ ಯಾರ ಕೈ ತಾಳದ ಮೇಲಿದೆಯೋ ನನಗೆ ಕಾಣುತ್ತಿಲ್ಲ. ಗುಂಡಿಯ ಮೇಲಿಟ್ಟ ಬೆರಳನ್ನು ತೆಗೆದೆ. ಮೈಕಿನ ಗುಂಡಿಯ ಟೇಪು ಕಿತ್ತು ಅದನ್ನು ಏರಿಸಿ, ಬಾಯಿಗೆ ಬಂದ ದನಿಯಲ್ಲಿ "ಶಿವಾಯ ನಮಃ ಓಂ" ಎಂದೆ.

ಗೋಡೆಯಾಚೆ ಗುಡಿಯಲ್ಲಿ ನನ್ನ ದನಿ ನನಗೇ ಕೇಳಿತು. ಒಡಕು ದನಿ, ಶ್ರುತಿಯಿಲ್ಲ, ಏನೂ ಇಲ್ಲ. ಆದರೆ ಮಿಕ್ಸರ್ ಬದುಕಿತ್ತು, ಫೋನಿನ ಪಕ್ಕದ ಚಿಕ್ಕ ಸ್ಪೀಕರ್ ಬದುಕಿತ್ತು, ಕಾಲು ಕಟ್ಟಾಗಿರಲಿಲ್ಲ. ಫೋನಿನಿಂದ ಕನ್ವರ್ಟರನ್ನು ಎಳೆದು ಕಿತ್ತೆ. ಸತ್ತ ಕಾರ್ಡಿನ ದಾರಿ ಬಿಟ್ಟು ದನಿ ಫೋನಿನ ಸ್ವಂತ ಸ್ಪೀಕರಿಗೆ ಮರಳಿತು. ಫೋನನ್ನು ಮೈಕಿನ ಮುಂದೆ ಹಿಡಿದೆ. ಒಂದು ಉಸಿರಿನಷ್ಟು ಏನೂ ಇಲ್ಲ. ಆಮೇಲೆ ಮೆಣಸಿನ ಹೊಲದಿಂದ, ತಗಡಿನಂಥ ಸಣ್ಣ ದನಿಯಲ್ಲಿ ಬಂತು: "ಓಂ ನಮಃ ಶಿವಾಯ."

ನಾನು ಹಿಡಿದೆ. ಅವಳು ಎತ್ತಿದಳು. ದೂರದ ದನಿ ತಡವಾಗಿ ಬರುವುದರಿಂದ ಇಬ್ಬರು ಜೊತೆಯಾಗಿ ಹಾಡಲು ಆಗದು ಎಂದು ಎಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಎತ್ತಿ ಹಿಡಿಯುವುದಕ್ಕೆ ಆ ತಡ ಅಡ್ಡಿಯೇ ಆಗಲಿಲ್ಲ. ಅವಳದು ಮುಗಿದು, ಒಂದು ಉಸಿರು ಬಿಟ್ಟು ನನ್ನದು. ತಾಳವಿರಲಿಲ್ಲ, ಮಡಿಲ ಮೇಲಿದ್ದ ತಗಡಿಗೆ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿದೆ. ಪರದೆಯಲ್ಲಿ ನೋಡಲು ಏನೂ ಉಳಿದಿರಲಿಲ್ಲ, ಹಾಗಾಗಿ ಕಣ್ಣು ಮುಚ್ಚಿದೆ. ಮೊದಮೊದಲು ಹೆದರಿಕೆ, ನಾಚಿಕೆ. ಸ್ವಲ್ಪ ಹೊತ್ತಿಗೆ ಅವಳ ಉಸಿರು ಎಲ್ಲಿ ಮುಗಿಯುತ್ತದೆ ಎನ್ನುವುದು ಗೊತ್ತಾಗತೊಡಗಿತು. ಅವಳಿಗೆ ಕೆಮ್ಮು ಬಂದಾಗ ನಾನು ಕೊನೆಯ ಓಂಕಾರವನ್ನು ಎಳೆದು ಹಿಡಿಯುತ್ತಿದ್ದೆ, ಅವಳು ಸುಧಾರಿಸಿಕೊಂಡು ಎತ್ತುತ್ತಿದ್ದಳು. ಆ ಅರ್ಧ ತಾಸು ನನಗೆ ಎಷ್ಟು ಹಿತವಾಗಿತ್ತೆಂದರೆ, ಸರತಿ ಮುಗಿದು ಗುಡಿಯಲ್ಲಿದ್ದ ಮುಂದಿನ ಮನೆಯವರು ನಾಮ ಎತ್ತಿದಾಗ ನನಗೆ ನಿಲ್ಲಿಸಲು ಮನಸ್ಸಿರಲಿಲ್ಲ.

ಆಮೇಲೆ ಕಂಪ್ಯೂಟರನ್ನು ಆರಿಸಿದೆ. ಕಾರ್ಡು ತೆಗೆದು ಒದ್ದೆ ಬಟ್ಟೆ ಹಾಸಿದ ತಟ್ಟೆಯ ಮೇಲೆ ಫ್ಯಾನಿಗೆ ಹಿಡಿದೆ, ಬಟ್ಟೆ ಅದಕ್ಕೆ ತಾಗದ ಹಾಗೆ. ಆರಿದ ಮೇಲೆ ಒಂದು ಜಾಗ ದೂರ ಸರಿಸಿ ಕೂರಿಸಿದೆ. ನಾಲ್ಕು ಚೌಕಗಳೂ ಮರಳಿದವು.

ಮುಂದೆ ಹೊತ್ತು ಇಳಿದಾಗ ಹಿರಿಯರು ಬಂದರು, ಜೊತೆಗೆ ಆ ದಪ್ಪ ಮೀಸೆಯವನು. ಆ ಹೆಂಗಸಿನ ಪಕ್ಕದ ಮನೆಯವನಂತೆ. ಅವಳ ಸರತಿ ತಪ್ಪಿದ್ದರೆ ಅದು ಸೇರಬೇಕಾದದ್ದು ಅವನ ಮನೆಗೆ.

"ನಾಮ ಹಿಡಿದಾಂವ ಯಾರು?" ಎಂದ ಅವನು.

"ನಾನ್ರಿ."

"ನೋಡ್ರಿ ತಾತ. ಆದೋನಿ ಲೈವ್‌ನಾಂವ ಹಿಡಿದ್ರ ಅದು ಮನಿ ಸರತಿ ಹೆಂಗ ಆಗ್ತೈತಿ? ಇವಗೂ ಆ ಮನಿಗೂ ಏಮಿ ಸಂಬಂಧಂ?"

ಹಿರಿಯರು ಬೆಂಚಿನ ಮೇಲೆ ಕೂತರು. "ನಾಮ ನಿಂತಿಲ್ಲ. ಗುಡ್ಯಾಗ ಯಾರೂ ತಾಳ ಎತ್ತಿಲ್ಲ. ಹಿಡಿದಾಂವ ಆ ಮನಿಯಾವನೋ ಅಲ್ಲೋ, ಅದನ್ನ ಬಾಗಿಲ ಹೇಳಬೇಕು," ಎಂದರು. ಮುಂಜಾನೆ ಮಂಗಳವಾದ ಮೇಲೆ ಸರತಿ ಮಾಡಿದ ಪ್ರತಿ ಮನೆಯ ಬಾಗಿಲಿಗೂ ಪ್ರಸಾದ ಹೋಗುತ್ತದಂತೆ. ದೂರ ಇರುವವರೆಲ್ಲ ತಮ್ಮ ಬಾಗಿಲಿಗೆ ಓಣಿಯಲ್ಲಿ ಉಳಿದ ಸಂಬಂಧಿಕರನ್ನು ಗೊತ್ತು ಮಾಡಿದ್ದರು. "ಆಕಿ ಬಾಗಿಲಕ್ಕ ಯಾರನ್ನ ನಿಂದ್ರಸ್ತಾಳ ಕೇಳು. ಬಾಗಿಲದಾಗ ಮನಷ್ಯಾ ಇದ್ದು ಮಾತಾಡಿದ್ರ ಮನಿ ಐತಿ. ಇಲ್ಲಾಂದ್ರ ಇಲ್ಲ."

ಅವಳಿಗೆ ಫೋನ್ ಮಾಡಿದೆ. ಹಿಂದೆ ಲಾರಿಯ ಸದ್ದು ಕೇಳುತ್ತಿತ್ತು.

"ಅಣ್ಣಾ, ಸರತಿ ಆತಲ್ಲಾ? ನಾಮ ಹಿಡಿದೋರು ಗುಡ್ಯಾಗಿನವ್ರೇನು?"

"ಅಲ್ಲಮ್ಮಾ. ನಾನ."

"ನಿಮ್ಮ ಜೋಡಿ ಯಾರಿದ್ರು?"

"ಯಾರಿಲ್ಲ. ಒಬ್ಬನ ಇದ್ದೆ."

"ನಾನೂ ಒಬ್ಬಾಕೀನ ಇದ್ದೆ," ಎಂದಳು.

ಬಾಗಿಲಿನ ಮಾತು ಹೇಳಿದೆ. ಅವಳ ಕಡೆಯವರೆಲ್ಲ ಗುಂಟೂರು ಕಡೆಯ ಬೇರೆ ಬೇರೆ ಮೆಣಸಿನ ಹೊಲಗಳಲ್ಲಿದ್ದರು, ಮೈದುನನ ಹೆಂಡತಿಯೂ. ಊರಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. "ನೀವು ಹೋಗಿ ಕುಂದರ್ತೀರೇನಣ್ಣಾ?" ಎಂದು ಕೇಳುವಾಗ ಅವಳ ದನಿ ಬಹಳ ಸಣ್ಣದಾಗಿತ್ತು. ಮುಂಜಾನೆ ನಾನು ಆಲೂರಿನ ಮದುವೆಯೊಂದಕ್ಕೆ ಹೊರಡಬೇಕಿತ್ತು, ಮಂಟಪದವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಅದನ್ನು ಅವಳಿಗೆ ಹೇಳಲಿಲ್ಲ. "ಕುಂದರ್ತೀನಿ," ಎಂದೆ.

"ನೀಲಿ ಬಾಗಿಲ ಐತಿ. ಕಟ್ಟಿ ಮ್ಯಾಲ ಎಡಕ್ಕ ಕುಂದರ್ರಿ, ಬಲಗಡಿ ಕಲ್ಲು ಅಲಗಾಡ್ತೈತಿ. ಕಸ ಬಾಳ ಬಿದ್ದಿರ್ತೈತೇನೋ."

ರಾತ್ರಿಯ ಸರತಿಗಳು ಹೆಚ್ಚು ತೊಂದರೆ ಕೊಡಲಿಲ್ಲ. ಬೆಳಗಾಯಿತು, ಮಂಗಳವಾಯಿತು. ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿಟ್ಟು, ಆಲೂರಿನವರ ಫೋನು ಎತ್ತದೆ, ಓಣಿ ಕೇಳಿಕೊಂಡು ಹೋದೆ. ಸಾಲಾಗಿ ಬೀಗ ಹಾಕಿದ ಬಾಗಿಲುಗಳು. ಕೆಲವದರ ಮುಂದೆ ಮಾತ್ರ ಯಾರೋ ಮುದುಕಿ, ಯಾರೋ ಸೊಸೆ ನಿಂತಿದ್ದರು. ನೀಲಿ ಬಾಗಿಲ ಮುಂದೆ ಬೇವಿನ ಎಲೆ ರಾಶಿ ಬಿದ್ದಿತ್ತು. ಪಕ್ಕದಲ್ಲಿದ್ದ ಮೋಟು ಕಸಬರಿಗೆಯಿಂದ ಗುಡಿಸಿ, ಬಚ್ಚಲ ಬಳಿಯ ತೊಟ್ಟಿಯಲ್ಲಿ ಉಳಿದಿದ್ದ ನೀರು ಚಿಮುಕಿಸಿದೆ. ಎಡಕ್ಕೆ ಕೂತೆ.

ಭಜನೆಯವರು ಬುಟ್ಟಿ ಹೊತ್ತುಕೊಂಡು ಓಣಿಗೆ ಬಂದರು. ಪ್ರತಿ ಬಾಗಿಲಲ್ಲೂ ನಿಂತು ಹಿರಿಯರು ಕೇಳುತ್ತಿದ್ದರು, "ಈ ಮನಿ ಯಾರದು?" ಬಾಗಿಲಲ್ಲಿದ್ದವರು ಉತ್ತರ ಕೊಟ್ಟರೆ ಪ್ರಸಾದ. ಎದುರು ಸಾಲಿನಲ್ಲಿ ಒಂದು ಬಾಗಿಲಲ್ಲಿ ಯಾರೂ ಇರಲಿಲ್ಲ. ಅವರು ಅಲ್ಲಿ ನಿಲ್ಲದೆ ಮುಂದೆ ಬಂದರು. ದಪ್ಪ ಮೀಸೆಯವನೂ ಜೊತೆಗಿದ್ದ. ನಾನು ಎದ್ದು ನಿಂತೆ.

"ಈ ಮನಿ ಯಾರದು?" ಎಂದರು ಹಿರಿಯರು, ನನ್ನನ್ನು ಎಂದೂ ಕಾಣದವರ ಹಾಗೆ.

ಅವ್ವ ಹೋದಂದಿನಿಂದ ನಾನು ಆಡದ ಒಂದು ಮಾತನ್ನು ಮೆಲ್ಲಗೆ ಆಡಿದೆ. "ನಮ್ಮದು," ಎಂದೆ.

"ಕೇಳವಲ್ದು," ಎಂದ ಮೀಸೆಯವನು. "ಜೋರಾಗಿ ಹೇಳಬೇಕು."

"ನಮ್ಮದು!" ಎಂದು ಕೂಗಿದೆ. "ನಮ್ಮನಿ ಇದು!"

ಓಣಿಯವರೆಲ್ಲ ತಿರುಗಿ ನೋಡಿದರು. ಹಿರಿಯರು ಬುಟ್ಟಿಗೆ ಕೈ ಹಾಕಿ, "ಹಿಡೀರಿ, ಮನಿಯವ್ರ," ಎಂದರು.